ಯಂತ್ರ ಕನ್ನಡ ಮಾತಾಡಿತು, ಕೊಳ್ಳುವವರು ಬರಲಿಲ್ಲ

ಕಲಬುರಗಿಯ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಕುಟುಂಬಗಳು ಇಂದು ಬಹಳ. ತಂದೆ ಸರ್ಕಾರಿ ಕೆಲಸದಿಂದಲೋ ಬ್ಯಾಂಕಿನಿಂದಲೋ ನಿವೃತ್ತರಾಗಿರುತ್ತಾರೆ. ಆಳಂದದ ಕಡೆಗೋ ಅಫಜಲಪುರದ ಕಡೆಗೋ ಜೇವರ್ಗಿಯ ಕಡೆಗೋ, ತಮ್ಮಂದಿರ ಉಸ್ತುವಾರಿಯಲ್ಲಿ ಒಂದಿಷ್ಟು ಎರೆಯ ಹೊಲವಿರುತ್ತದೆ. ಮಗ ಇಂಜಿನಿಯರಾಗಿ ದೊಡ್ಡ ಕಂಪನಿಯೊಂದರಿಂದ ತಿಂಗಳು ತಿಂಗಳಿಗೆ ತಪ್ಪದೆ ಸಂಬಳ ತರುತ್ತಿರುತ್ತಾನೆ. ಇಂಥ ಮನೆಯಲ್ಲಿ ಒಂದು ರಾತ್ರಿ, ರೊಟ್ಟಿ ಮುರಿಯುತ್ತಿದ್ದ ಮಗ ತಲೆ ತಗ್ಗಿಸಿಕೊಂಡೇ ಹೇಳುತ್ತಾನೆ:

"ಅಪ್ಪಾ, ಬರೋ ತಿಂಗಳ ನೌಕರಿ ಬಿಡಬೇಕಂತ ಮಾಡೀನ್ರಿ."

ನವೋದ್ಯಮ, ಅಥವಾ ಈಗ ಎಲ್ಲರ ಬಾಯಲ್ಲಿರುವಂತೆ ಸ್ಟಾರ್ಟ್‌ಅಪ್, ಎಂಬ ಮಾತು ಆ ಮನೆಯನ್ನು ಪ್ರವೇಶಿಸುವ ಬಗೆ ಇದು. ಊರಿನ ತೊಗರಿ ಬೆಳೆಗಾರರಿಗಾಗಿ ಅವನು ಮೊಬೈಲಿನಲ್ಲಿ ಒಂದು ಆಪ್ ಮಾಡಲಿದ್ದಾನೆ. ಮಳೆ ಎಂದು ಬಂದೀತು, ಗಿಡ ಬಾಡಿದರೆ ಅದು ನೆಟೆ ರೋಗವೋ ಬೇರೆಯದೋ, ಗಂಜಿನಲ್ಲಿ ಇಂದಿನ ಧಾರಣೆ ಎಷ್ಟು, ಎಲ್ಲವನ್ನೂ ಅದು ಕನ್ನಡದಲ್ಲಿ ಹೇಳುತ್ತದೆ. "ಅದು ಖರೇನೇ ಕೆಲಸ ಮಾಡ್ತದೇನಪ್ಪಾ?" ಎಂದು ತಂದೆ ಕೇಳಿದರೆ ಮಗನಿಗೆ ಉತ್ಸಾಹ, ಒಂದು ಗಂಟೆ ವಿವರಿಸುತ್ತಾನೆ. ಅಷ್ಟು ಹೊತ್ತು ಸುಮ್ಮನಿದ್ದ ತಾಯಿ ತಟ್ಟೆ ಎತ್ತುತ್ತ ಕೇಳುತ್ತಾಳೆ: "ಅಲ್ಲೋ, ಅದಕ್ಕ ರೊಕ್ಕ ಯಾರು ಕೊಡ್ತಾರ?"

ತಂದೆಯ ಪ್ರಶ್ನೆ ಯಂತ್ರವನ್ನು ಕುರಿತದ್ದು. ತಾಯಿಯದು ಮನುಷ್ಯರನ್ನು ಕುರಿತದ್ದು. ಮೊದಲನೆಯದಕ್ಕೆ ಉತ್ತರ ಕೊಡಬಲ್ಲ ಬುದ್ಧಿವಂತರು ಬೆಂಗಳೂರಿನಲ್ಲಿ ಯಾವ ಕಾಲಕ್ಕೂ ಕಡಿಮೆಯಾಗಿಲ್ಲ. ಎರಡನೆಯದರಲ್ಲಿ ಎಡವಿದವರಲ್ಲಿಯೂ ಬುದ್ಧಿವಂತರೇ ಹೆಚ್ಚು. ಇದಕ್ಕೆ ಸಾಕ್ಷಿ ಬೇಕಾದರೆ ಸಿಂಪ್ಯೂಟರ್ ಎಂಬ ಪುಟ್ಟ ಕಂಪ್ಯೂಟರಿನ ಕಥೆಯನ್ನು ನೋಡಬೇಕು. ಇಂದಿನ ತರುಣರಲ್ಲಿ ಬಹುಮಂದಿ ಅದರ ಹೆಸರನ್ನೇ ಕೇಳಿರಲಾರರು. ಈ ಮಗ ಇಂದು ಮಾಡಹೊರಟಿರುವುದನ್ನು ಕಾಲು ಶತಮಾನದ ಹಿಂದೆಯೇ, ಇವನಿಗಿಂತ ಹೆಚ್ಚು ಓದಿದವರು, ಇವನಿಗಿಂತ ಕಷ್ಟದ ಕಾಲದಲ್ಲಿ, ಬಹುಮಟ್ಟಿಗೆ ಮಾಡಿ ಮುಗಿಸಿದ್ದರು.

1998ರಲ್ಲಿ ಬೆಂಗಳೂರಿನಲ್ಲಿ ನಡೆದ ಮಾಹಿತಿ ತಂತ್ರಜ್ಞಾನ ಮೇಳದ ಸಂದರ್ಭದಲ್ಲಿ ವಿದ್ವಾಂಸರು ಕೆಲವರು ಕಲೆತು, ಬಡ ದೇಶಗಳ ಹಳ್ಳಿಗರಿಗೆ ಕಂಪ್ಯೂಟರಿನಿಂದ ಏನು ಪ್ರಯೋಜನವಾದೀತು ಎಂದು ಚರ್ಚಿಸಿದರು. ಸಾಮಾನ್ಯವಾಗಿ ಇಂಥ ಚರ್ಚೆಗಳು ನಿರ್ಣಯವೊಂದನ್ನು ಅಂಗೀಕರಿಸಿ ಕಾಫಿಯೊಂದಿಗೆ ಮುಗಿಯುತ್ತವೆ. ಇದು ಹಾಗೆ ಮುಗಿಯಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು, ಎನ್‌ಕೋರ್ ಎಂಬ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಅವರ ಇಬ್ಬರು ಸಹೋದ್ಯೋಗಿಗಳೊಡನೆ ಸೇರಿ, 1999ರಲ್ಲಿ ಲಾಭದ ಉದ್ದೇಶವಿಲ್ಲದ ಟ್ರಸ್ಟೊಂದನ್ನು ಕಟ್ಟಿದರು. 2001ರ ಏಪ್ರಿಲಿನಲ್ಲಿ ಯಂತ್ರದ ಮಾದರಿಯನ್ನು ಜನರ ಮುಂದಿಟ್ಟರು.

ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ. ಕೀಲಿಮಣೆ ಇಲ್ಲ, ಪರದೆಯನ್ನು ಕಡ್ಡಿಯಿಂದ ಮುಟ್ಟಿದರೆ ಸಾಕು. ವಿದ್ಯುತ್ತಿಲ್ಲದ ಹಳ್ಳಿಯಲ್ಲಿ ಪೆಟ್ಟಿಗೆ ಅಂಗಡಿಯಲ್ಲಿ ಸಿಗುವಂಥ ಮೂರು ಸಣ್ಣ ಸೆಲ್ಲುಗಳಿಂದ ನಡೆಯುತ್ತಿತ್ತು. ಯಾರಿಗೂ ಶುಲ್ಕ ತೆರಬೇಕಿಲ್ಲದ ಲಿನಕ್ಸ್ ಅದರೊಳಗಿನ ವ್ಯವಸ್ಥೆ. ಎಲ್ಲಕ್ಕಿಂತ ಮಿಗಿಲಾಗಿ, ಪರದೆಯ ಮೇಲಿನ ಬರಹವನ್ನು ಭಾರತೀಯ ಭಾಷೆಗಳಲ್ಲಿ ಅದು ಓದಿ ಹೇಳಬಲ್ಲುದಾಗಿತ್ತು. ಆ ಭಾಷೆಗಳಲ್ಲಿ ಕನ್ನಡವೂ ಒಂದು. ಅಕ್ಷರ ಬಾರದವನಿಗೂ ಅಡ್ಡಿಯಾಗಬಾರದೆಂಬುದು ಅದನ್ನು ಮಾಡಿದವರ ಆಶಯ. ಹತ್ತು ವರ್ಷ ಕಳೆದು, 2011ರ ಜನಗಣತಿಯಲ್ಲಿಯೂ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇಕಡಾ 65ರ ಆಸುಪಾಸಿನಲ್ಲಿತ್ತೆಂಬುದನ್ನು ನೆನೆದರೆ ಆ ಆಶಯದ ಬೆಲೆ ತಿಳಿಯುತ್ತದೆ. ಜೇವರ್ಗಿಯ ಸಂತೆಯಲ್ಲಿ ಕುಳಿತ ಮುದುಕನೊಬ್ಬನನ್ನು ಕಣ್ಣ ಮುಂದಿಟ್ಟುಕೊಂಡು ಬೆಂಗಳೂರಿನ ವಿದ್ವಾಂಸರು ಯಂತ್ರವೊಂದನ್ನು ರಚಿಸಿದರೆನ್ನುವುದು ಸಾಮಾನ್ಯವಾದ ಸಂಗತಿಯಲ್ಲ. ಲೋಕವೂ ಅದನ್ನು ಗುರುತಿಸಿತು. ಆ ವರ್ಷದ ಕೊನೆಯಲ್ಲಿ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ವರ್ಷದ ಗಮನಾರ್ಹ ಕಲ್ಪನೆಗಳ ಸಾಲಿನಲ್ಲಿ ಸಿಂಪ್ಯೂಟರನ್ನು ಹೊಗಳಿ ಬರೆಯಿತು.

ಬೆಲೆ 9,000 ರೂಪಾಯಿಯ ಸುಮಾರಿಗೆ ನಿಲ್ಲಬೇಕೆಂದು ಅವರ ಗುರಿ. ಕಂಪ್ಯೂಟರಿಗೆ ಅದರ ಹಲವು ಪಟ್ಟು ತೆರಬೇಕಾಗಿದ್ದ ಆ ದಿನಗಳಲ್ಲಿ ಇದು ಸೋವಿಯೇ. ಆದರೆ ಸೋವಿ ಎಂಬ ಮಾತು ಯಾರ ಜೇಬಿನಿಂದ ನೋಡಿದ್ದು? 2001-02ರಲ್ಲಿ ಸರ್ಕಾರ ತೊಗರಿಗೆ ಗೊತ್ತುಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 1,320 ರೂಪಾಯಿ. ಆ ಲೆಕ್ಕದಲ್ಲಿ ಒಂದು ಸಿಂಪ್ಯೂಟರಿಗೆ ಸುಮಾರು ಏಳು ಕ್ವಿಂಟಲ್ ತೊಗರಿ. ಮಳೆಯನ್ನೇ ನಂಬಿದ ಎರೆಯ ಹೊಲದಲ್ಲಿ ಎಕರೆಗೆ ಎರಡು ಮೂರು ಕ್ವಿಂಟಲ್ ಬಂದರೆ ಹೆಚ್ಚು. ಅಂದಮೇಲೆ ಮೂರೆಕರೆಯ ಇಡೀ ವರ್ಷದ ಫಸಲನ್ನು ತೂಗಿ ಕೊಟ್ಟರೆ ಯಂತ್ರ ಮನೆಗೆ ಬಂದೀತು. ಬೀಜ, ಗೊಬ್ಬರ, ಕೂಲಿ, ಹೊಟ್ಟೆ, ಇವುಗಳ ಗತಿ ಬೇರೆ.

ಈ ತೊಡಕನ್ನು ಯಂತ್ರದ ಕರ್ತೃಗಳು ಕಾಣದಿರಲಿಲ್ಲ. ಅವರು ಕೊಟ್ಟ ಪರಿಹಾರ ಬಲು ಜಾಣತನದ್ದು. ಪ್ರತಿಯೊಬ್ಬನೂ ಯಂತ್ರವನ್ನು ಕೊಳ್ಳಬೇಕಿಲ್ಲ. ಊರಿಗೆ ಒಂದಿದ್ದರೆ ಸಾಕು. ಪ್ರತಿಯೊಬ್ಬನ ಬಳಿ ತನ್ನದೇ ಆದ ಸಣ್ಣ ಕಾರ್ಡ್ ಇರುತ್ತದೆ. ಯಂತ್ರಕ್ಕೆ ಕಾರ್ಡ್ ಹಾಕಿದೊಡನೆ ಅದು ಅವನ ಯಂತ್ರ; ತೆಗೆದರೆ ಮತ್ತೊಬ್ಬನದು. ತಾಂತ್ರಿಕವಾಗಿ ಇದರಲ್ಲಿ ಕುಂದಿರಲಿಲ್ಲ. ತೊಡಕಿದ್ದದ್ದು ಊರಿನಲ್ಲಿ. ಹಂಚಿಕೊಳ್ಳುವ ಆ ಒಂದು ಯಂತ್ರವನ್ನು ಕೊಳ್ಳುವವರು ಯಾರು? ಪಂಚಾಯತಿಯೆ, ಸಹಕಾರಿ ಸಂಘವೆ, ಸಾಹುಕಾರನೆ? ಅದು ರಾತ್ರಿ ಯಾರ ಮನೆಯಲ್ಲಿ ಮಲಗಬೇಕು? ಸಾಹುಕಾರನ ಮನೆಯಲ್ಲಿದ್ದರೆ ಹರಿಜನಕೇರಿಯ ಹುಡುಗ ಅಲ್ಲಿಗೆ ಹೋಗಿ ಕಾರ್ಡ್ ಹಾಕಬಲ್ಲನೆ? ಕೆಟ್ಟರೆ ರಿಪೇರಿಗೆ ಯಾರು ಒಯ್ಯಬೇಕು, ಎಲ್ಲಿಗೆ? ದಿನದಿನದ ಧಾರಣೆಯನ್ನು ಅದರೊಳಗೆ ತುಂಬುವ ಕೆಲಸ ಯಾರದು, ಅವನ ಸಂಬಳ ಎಲ್ಲಿಂದ? ಈ ಪ್ರಶ್ನೆಗಳಲ್ಲಿ ಒಂದಾದರೂ ಇಂಜಿನಿಯರಿಂಗ್ ಪುಸ್ತಕದಲ್ಲಿ ಸಿಗುವಂಥದಲ್ಲ. ಹಳ್ಳಿಯ ಬಾವಿಯ ಕಟ್ಟೆಯ ಮೇಲೆ ಅರ್ಧ ದಿನ ಕುಳಿತವರಿಗೆ ಒಂದೂ ಹೊಸದಲ್ಲ.

ಆಗ ದೃಷ್ಟಿ ಸರ್ಕಾರದ ಕಡೆಗೆ ತಿರುಗಿತು. ಬಡವನ ಪರವಾಗಿ ಹಣ ಕೊಡಬಲ್ಲವರು ಮತ್ತಾರು? ಭೂದಾಖಲೆಯ ಕೆಲಸಕ್ಕೆ ಕರ್ನಾಟಕ ಸರ್ಕಾರ ಸಿಂಪ್ಯೂಟರನ್ನು ಬಳಸಿ ನೋಡಿತು. ಸಂಚಾರ ನಿಯಮ ಮುರಿದವರನ್ನು ಗುರುತಿಡಲು ಪೋಲೀಸರು ನೋಡಿದರು. ಛತ್ತೀಸಗಢದ ಶಾಲೆಗಳಲ್ಲಿ ಪ್ರಯೋಗವಾಯಿತು. ಪ್ರಯೋಗಗಳಿಗೆ ಬರವಿರಲಿಲ್ಲ. ಆದರೆ ಪ್ರಯೋಗಕ್ಕೆ ಹತ್ತೋ ನೂರೋ ಯಂತ್ರ ಸಾಕು. ಬೆಲೆ ಇಳಿಯಬೇಕಾದರೆ ಲಕ್ಷಗಟ್ಟಲೆ ಯಂತ್ರ ತಯಾರಾಗಬೇಕು. ಲಕ್ಷದ ಬೇಡಿಕೆ ಬಂದರೆ ಬೆಲೆ ಇಳಿಸಬಹುದು ಎಂದು ಇವರು. ಬೆಲೆ ಇಳಿದರೆ ಕೊಳ್ಳಬಹುದು ಎಂದು ಅವರು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ಕಟ್ಟಿದವರು ಸರ್ಕಾರಿ ಖರೀದಿಯನ್ನು ಬಲ್ಲವರಿರಬೇಕು. ಸಾಲದುದಕ್ಕೆ, ಟ್ರಸ್ಟಿನಿಂದ ಪರವಾನಗಿ ಪಡೆದು ಎನ್‌ಕೋರ್ ಒಂದು ಬಗೆಯ ಸಿಂಪ್ಯೂಟರನ್ನು ತಯಾರಿಸಿದರೆ, ಪ್ರಾಧ್ಯಾಪಕರು ಸ್ಥಾಪಿಸಿದ ಪಿಕೋಪೀಟ ಎಂಬ ಕಂಪನಿ ಮತ್ತೊಂದು ಬಗೆಯದನ್ನು ತಯಾರಿಸಿತು. ಇನ್ನೂ ಹುಟ್ಟದ ಪೇಟೆಗೆ ಇಬ್ಬರು ವ್ಯಾಪಾರಿಗಳಾದರು.

ಕಡೆಗೆ 2004ರ ಮಾರ್ಚಿನಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ಪಿಕೋಪೀಟದ ಯಂತ್ರ, ಅಮಿಡಾ ಎಂಬ ಹೆಸರಿನಲ್ಲಿ ಅಂಗಡಿಗೆ ಬಂದಿತು. ಮಾದರಿ ತೋರಿಸಿ ಆಗಲೇ ಮೂರು ವರ್ಷವಾಗುತ್ತ ಬಂದಿತ್ತು. ಎಲ್ಲಕ್ಕಿಂತ ಅಗ್ಗದ ಅಮಿಡಾಕ್ಕೆ ಸುಮಾರು ಹತ್ತು ಸಾವಿರ ರೂಪಾಯಿ. ಬಣ್ಣದ ಪರದೆಯದಕ್ಕೆ ಇನ್ನೂ ಹೆಚ್ಚು. ಕೈಯಲ್ಲಿ ಹಿಡಿದು ವಾಲಿಸಿದರೆ ಅದು ಚಲನೆಯನ್ನು ಗ್ರಹಿಸುತ್ತಿತ್ತು. ಅಮೆರಿಕದ ಐಫೋನ್ ಇದೇ ವಿದ್ಯೆಯನ್ನು ಲೋಕಕ್ಕೆ ತೋರಿಸಿದ್ದು 2007ರಲ್ಲಿ. ಇಷ್ಟೆಲ್ಲ ಇದ್ದರೂ, ಮೊದಲ ವರ್ಷದಲ್ಲಿ 50,000 ಮಾರುವ ನಿರೀಕ್ಷೆಯಿದ್ದ ಯಂತ್ರ 4,000ದ ಆಸುಪಾಸಿನಲ್ಲಿ ನಿಂತಿತು. ಅದರಲ್ಲಿಯೂ ಹಳ್ಳಿಯ ಬಳಕೆಗೆಂದು ಹೋದದ್ದು ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಮೋಟಾರು ಕಂಪನಿಯೊಂದು ಎಂಜಿನ್ನಿನ ದೋಷ ಪತ್ತೆಮಾಡುವುದಕ್ಕೆ ಅದನ್ನು ಬಳಸಿತು. ಜೇವರ್ಗಿಯ ಮುದುಕನಿಗಾಗಿ ಹುಟ್ಟಿದ ಯಂತ್ರ!

ಆ ಮೂರು ವರ್ಷಗಳಲ್ಲಿ ಹಳ್ಳಿಗೆ ಬೇರೊಬ್ಬ ಅತಿಥಿ ಬಂದಿದ್ದ. 2003ರ ಮೇ ತಿಂಗಳಿನಿಂದ ಮೊಬೈಲಿಗೆ ಬರುವ ಕರೆಗೆ ಹಣ ತೆರಬೇಕಾದ ಕಾಟ ತಪ್ಪಿತು. ಅದೇ ವರ್ಷದ ಜುಲೈನಲ್ಲಿ ರಿಲಯನ್ಸ್ ಕಂಪನಿ, ಮೊದಲಿಗೆ 501 ರೂಪಾಯಿ ಕೊಟ್ಟರೆ ಸಾಕು, ಫೋನ್ ಕೈಗೆ ಎಂದು ಸಾರಿತು. ನೋಕಿಯಾ ಕಂಪನಿಯ 1100 ಎಂಬ ಫೋನ್ ಬಂದದ್ದೂ ಆ ವರ್ಷವೇ. ಅದು ಕನ್ನಡ ಓದುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ವಿದ್ವಾಂಸರು ತಲೆದೂಗುವಂಥದು ಅದರಲ್ಲಿ ಏನೂ ಇರಲಿಲ್ಲ. ಧೂಳು ಹೊಗದ ಗುಂಡಿಗಳು, ಬೆವರಿದ ಕೈಯಿಂದ ಜಾರದ ಮೈ, ತುದಿಯಲ್ಲಿ ಒಂದು ಟಾರ್ಚ್. ರಾತ್ರಿ ಪಾಳಿಯಲ್ಲಿ ಬಂದ ವಿದ್ಯುತ್ತಿನಲ್ಲಿ ಕಬ್ಬಿಗೆ ನೀರು ಹಾಯಿಸಲು ಹೊರಟ ಭೀಮಾತೀರದ ಅಫಜಲಪುರದ ರೈತನಿಗೆ ಆ ಟಾರ್ಚು ಎಷ್ಟು ದೊಡ್ಡ ಉಪಕಾರವೆಂಬುದನ್ನು ನೋಕಿಯಾದವರು ಹೇಗೋ ಅರಿತಿದ್ದರು. ಲೋಕದಲ್ಲೆಲ್ಲ ಆ ಫೋನು 25 ಕೋಟಿ ಮಾರಾಟವಾಯಿತು. ಸಿಂಪ್ಯೂಟರ್ ಹಳ್ಳಿಗನಿಗೆ ಏನು ಒಳ್ಳೆಯದೆಂದು ಆಲೋಚಿಸಿತ್ತು. ಈ ಫೋನು, ಅವನು ಈಗಾಗಲೇ ಯಾವುದಕ್ಕೆ ದುಡ್ಡು ಖರ್ಚು ಮಾಡುತ್ತಿದ್ದಾನೆಂದು ನೋಡಿತ್ತು. ಪುಣೆಯಲ್ಲಿ ದುಡಿಯುವ ಮಗನೊಡನೆ ಮಾತನಾಡುವುದಕ್ಕೆ ತಂದೆ ಎಸ್‌ಟಿಡಿ ಬೂತಿನ ಮುಂದೆ ಸರತಿ ನಿಂತು ಹಣ ತೆರುತ್ತಲೇ ಇದ್ದ.

ಇದರಿಂದ ಆ ಪ್ರಾಧ್ಯಾಪಕರು ವ್ಯವಹಾರವನ್ನರಿಯದ ಪುಸ್ತಕದ ಹುಳುಗಳೆಂದು ತೀರ್ಮಾನಿಸಿದರೆ ಅನ್ಯಾಯವಾದೀತು. ಅದೇ ನಾಲ್ವರು 2000ದಲ್ಲಿ ಸ್ಟ್ರಾಂಡ್ ಜೀನೋಮಿಕ್ಸ್ ಎಂಬ ಮತ್ತೊಂದು ಕಂಪನಿಯನ್ನು ಸ್ಥಾಪಿಸಿದರು. ಜೀವಕೋಶಗಳ ಒಳಗಿನ ಬರಹವನ್ನು ಕಂಪ್ಯೂಟರಿನಿಂದ ಓದುವ ಕೆಲಸ ಅದರದು. ಔಷಧ ತಯಾರಿಸುವವರು, ಸಂಶೋಧನಾಲಯದವರು, ಮುಂದೆ ಆಸ್ಪತ್ರೆಯವರು, ಹೀಗೆ ಹಣ ಕೊಡುವವರು ಯಾರೆಂಬುದು ಅಲ್ಲಿ ಸ್ಪಷ್ಟವಿತ್ತು. ಬಳಸುವವರೂ ಕೊಳ್ಳುವವರೂ ಒಬ್ಬರೇ. ಕಂಪನಿ ತನ್ನ ದಾರಿಯನ್ನು ಬದಲಾಯಿಸಿಕೊಳ್ಳುತ್ತ ಬದುಕಿತು. 2021ರಲ್ಲಿ ರಿಲಯನ್ಸ್ ಸಮೂಹ ಅದರ ಬಹುಪಾಲನ್ನು 393 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ತಲೆಗಳು ಅವೇ, ಕಾಲವೂ ಅದೇ, ಸಂಸ್ಥೆಯೂ ಅದೇ. ಎರಡು ಕೂಸುಗಳ ಜಾತಕ ಮಾತ್ರ ಬೇರೆಯಾಯಿತು.

ಈಗ ಆ ಮೂರು ತಾಲ್ಲೂಕುಗಳ ತೊಗರಿ ಬಂದು ಬೀಳುವ ಕಲಬುರಗಿಗೇ ಹೋಗಿ ನೋಡೋಣ. ಡಿಸೆಂಬರ್ ಕಳೆದು ಜನವರಿ ಹೊಕ್ಕಿತೆಂದರೆ ನೆಹರೂ ಗಂಜಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಾಯವ್ಯದಿಂದ ಆಳಂದದ ಟ್ರ್ಯಾಕ್ಟರುಗಳು, ಪಶ್ಚಿಮದಿಂದ ಅಫಜಲಪುರದವು, ದಕ್ಷಿಣದಲ್ಲಿ ಭೀಮೆಯ ಸೇತುವೆ ದಾಟಿ ಬಂದ ಜೇವರ್ಗಿಯವು. ಗುಲ್ಬರ್ಗದ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದನ್ನು ವಾಚಕರು ಬಲ್ಲರು. ಇಂಥ ಮಾರುಕಟ್ಟೆಗಳಿಗೆಂದೇ 2014ರಲ್ಲಿ ಕರ್ನಾಟಕ ಸರ್ಕಾರವೂ ಎನ್‌ಸಿಡಿಇಎಕ್ಸ್ ಬಳಗದ ಕಂಪನಿಯೂ ಸಮಪಾಲಿನಲ್ಲಿ ಸೇರಿ ಹೊಸ ಕಂಪನಿಯೊಂದನ್ನು ತೆರೆದವು: ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್. ರೈತನ ಮಾಲಿಗೆ ಬಾಗಿಲಲ್ಲೇ ಒಂದು ಸಂಖ್ಯೆ. ವ್ಯಾಪಾರಿಗಳು ಒಬ್ಬರಿಗೊಬ್ಬರು ಕಾಣದಂತೆ ಕಂಪ್ಯೂಟರಿನಲ್ಲಿ ಬೆಲೆ ನಮೂದಿಸುತ್ತಾರೆ. ಹೆಚ್ಚು ಬೆಲೆ ಹಾಕಿದವನು ಯಾರೆಂದು ಕಂಪ್ಯೂಟರೇ ಸಾರುತ್ತದೆ. ರೈತನ ಮೊಬೈಲಿಗೆ ಸಂದೇಶ ಬರುತ್ತದೆ. ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಹೋಗಬೇಕೆಂಬುದು ಯೋಜನೆ. ದೂರದ ಊರಿನ ವ್ಯಾಪಾರಿಯೂ ಕುಳಿತಲ್ಲಿಂದಲೇ ಬೆಲೆ ಕೂಗಬಹುದು. 2016ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಇ-ನಾಮ್ ಎಂಬ ವ್ಯವಸ್ಥೆಯನ್ನು ತಂದಾಗ ಕರ್ನಾಟಕದ ಈ ಮೇಲ್ಪಂಕ್ತಿ ಅದರ ಮುಂದಿತ್ತು.

ಇದು ವ್ಯರ್ಥವಾಯಿತೆಂದು ಹೇಳುವಂತಿಲ್ಲ. ಈ ಪದ್ಧತಿ ಬಂದ ಮೇಲೆ ಭತ್ತ, ಶೇಂಗಾ, ಮೆಕ್ಕೆಜೋಳಗಳ ಧಾರಣೆ ಶೇಕಡಾ ಮೂರೂವರೆಯಿಂದ ಐದರಷ್ಟು ಏರಿತೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಆದರೂ ಯೋಜನೆಯ ಕಾಗದದಲ್ಲಿದ್ದ ಮಾರುಕಟ್ಟೆ ನೆಲದ ಮೇಲೆ ಪೂರ್ತಿ ಇಳಿಯಲಿಲ್ಲ. ದೂರದ ವ್ಯಾಪಾರಿ ಕಣ್ಣಿನಿಂದ ನೋಡದ ಮಾಲಿಗೆ ಬೆಲೆ ಹಾಕಲೊಲ್ಲ. ಕಾಳಿನ ತೇವ, ಕಸ, ಗಾತ್ರಗಳನ್ನು ಪರೀಕ್ಷಿಸಿ ಎಲ್ಲರೂ ಒಪ್ಪುವ ಚೀಟಿ ಕೊಡುವ ಏರ್ಪಾಟು ಕಂಪ್ಯೂಟರಿನಷ್ಟು ಬೇಗ ಬೆಳೆಯಲಿಲ್ಲ. ವ್ಯಾಪಾರಿಗಳ ಅಸಮಾಧಾನವಂತೂ ಇದ್ದೇ ಇತ್ತು. ಇವೆಲ್ಲಕ್ಕಿಂತ ಆಳವಾದದ್ದು ಅಡತಿ ಅಂಗಡಿಯ ಮಾತು.

ಅಡತಿಯವನನ್ನು ನಡುವೆ ನಿಂತು ತಿನ್ನುವವನೆಂದು ಬೆಂಗಳೂರಿನಲ್ಲಿ ಕುಳಿತು ಬಯ್ಯುವುದು ಸುಲಭ. ಆದರೆ ಜೂನ್ ತಿಂಗಳಲ್ಲಿ ಬಿತ್ತನೆಗೆ ಕೈಯಲ್ಲಿ ಕಾಸಿಲ್ಲದಾಗ ರೈತ ಹೋಗಿ ಕೂರುವುದು ಅವನ ಗಾದಿಯ ಮುಂದೆ. "ಸಾಹುಕಾರ್ರ, ಮಗಳ ಮದುವಿ ಅದ, ಐವತ್ತು ಸಾವಿರ ಬೇಕಾಗ್ಯಾವ್ರಿ" ಎಂದರೆ ಜಾಮೀನು ಕೇಳದೆ, ಅರ್ಜಿ ಬರೆಸದೆ, ಎಣಿಸಿ ಕೊಡುವವನು ಅವನೇ. ಬಡ್ಡಿ ಎಷ್ಟೆಂಬುದು ಬೇರೆ ಮಾತು. ಜನವರಿಯಲ್ಲಿ ಮಾಲು ಅವನ ಅಂಗಡಿಗೇ ಬರಬೇಕೆಂಬುದು ಎಲ್ಲಿಯೂ ಬರೆಯದ ಕರಾರು. ಗಂಜಿಗೆ ಬಂದ ರಾತ್ರಿ ತಂಗಲು ಜಾಗ ಕೊಡುವವನು, ತೂಕವಾದೊಡನೆ ನಗದು ಕೈಗಿಡುವವನು ಅವನು. ಬ್ಯಾಂಕಿನ ಖಾತೆಗೆ ಹಣ ಬಿದ್ದರೆ ಅದನ್ನು ಬ್ಯಾಂಕಿನವರು ಹಳೆಯ ಸಾಲಕ್ಕೆ ಮುರಿದುಕೊಂಡಾರೆಂಬ ಅಂಜಿಕೆ ರೈತನಿಗೆ ಬೇರೆ. ಕಂಪ್ಯೂಟರ್ ಮಾರಾಟದ ದಿನದ ಲೆಕ್ಕವನ್ನು ತಪ್ಪಿಲ್ಲದೆ ಮಾಡಿತು. ವರ್ಷದ ಉಳಿದ 364 ದಿನಗಳ ಲೆಕ್ಕ ಅಡತಿಯ ಖಾತೆಪುಸ್ತಕದಲ್ಲಿಯೇ ಉಳಿಯಿತು. ಆ ಸಾಲಕ್ಕೆ ಬದಲಿ ಏರ್ಪಾಟು ಮಾಡದೆ ಧಾರಣೆಯೊಂದನ್ನೇ ತಿಳಿಸಿದರೆ, ಹೆಚ್ಚು ಬೆಲೆ ಎಲ್ಲಿದೆಯೆಂಬುದು ರೈತನಿಗೆ ಗೊತ್ತಾಗುತ್ತದೆ, ಅಲ್ಲಿಗೆ ಹೋಗುವ ಸ್ವಾತಂತ್ರ್ಯ ಬರುವುದಿಲ್ಲ.

ಇದೇ ಸೀಮೆಯಲ್ಲಿ ನೆಲೆಯೂರಿದ ಪ್ರಯತ್ನವೂ ಉಂಟು. ಅದನ್ನು ಹೇಳದೆ ಬಿಟ್ಟರೆ ಚಿತ್ರ ಅರ್ಧವಾದೀತು. ಬೆಳೆಯ ಕೀಟರೋಗಗಳನ್ನು ಗುರುತಿಸುವ ಇ-ಸ್ಯಾಪ್ ಎಂಬ ವ್ಯವಸ್ಥೆಯನ್ನು ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಬೆಂಗಳೂರಿನ ಸಣ್ಣ ಕಂಪನಿಯೊಂದರ ಜೊತೆಗೂಡಿ ರೂಪಿಸಿತು. ಅದನ್ನು ರೈತನಿಗೆ ಮಾರಲು ಹೋಗಲಿಲ್ಲ. ಯಂತ್ರ ಇರುವುದು ಕೃಷಿ ಇಲಾಖೆಯ ಕ್ಷೇತ್ರ ಸಿಬ್ಬಂದಿಯ ಕೈಯಲ್ಲಿ. ಹೊಲದಲ್ಲಿ ಸಂಪರ್ಕಜಾಲ ಇಲ್ಲದಿದ್ದರೂ ಅದು ನಡೆಯುತ್ತದೆ. ಖರ್ಚು ಸರ್ಕಾರದ್ದು, ಬಳಕೆ ಸಿಬ್ಬಂದಿಯದು, ಲಾಭ ರೈತನದು: ಮೂರು ಪಾತ್ರಗಳನ್ನೂ ಮೊದಲೇ ಬಿಡಿಸಿಟ್ಟಿದ್ದರು.

ಸರ್ಕಾರದ್ದೇ ಆದ ಭೂಮಿ ಯೋಜನೆಯ ಗೆಲುವೂ ಅರ್ಧ ಯಂತ್ರದ್ದು, ಅರ್ಧ ಯಂತ್ರದ ಹೊರಗಿನದು. ಶಾನುಭೋಗರ, ಆಮೇಲೆ ಗ್ರಾಮಲೆಕ್ಕಿಗರ ದಫ್ತರದಲ್ಲಿ ಅಡಗಿದ್ದ ಪಹಣಿಗಳನ್ನು, ಎರಡು ಕೋಟಿಯಷ್ಟನ್ನು, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ ಕಂಪ್ಯೂಟರಿಗೆ ಏರಿಸಲಾಯಿತು. 2002ರ ವೇಳೆಗೆ ಆಳಂದ, ಅಫಜಲಪುರ, ಜೇವರ್ಗಿಗಳೂ ಸೇರಿದಂತೆ ರಾಜ್ಯದ 177 ತಾಲ್ಲೂಕು ಕಚೇರಿಗಳಲ್ಲಿ ಕಿಟಕಿಗಳು ತೆರೆದವು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಆದರೆ ನಿಜವಾದ ಜಾಣ್ಮೆ ಇದ್ದದ್ದು ಎರಡು ಸಣ್ಣ ಸಂಗತಿಗಳಲ್ಲಿ. ಕೈಬರಹದ ಪಹಣಿಗೆ ಇನ್ನು ಬೆಲೆಯಿಲ್ಲವೆಂದು ಕಟ್ಟಪ್ಪಣೆ ಹೊರಡಿಸಿದರು. ಹಳೆಯ ದಾರಿ ಮುಚ್ಚಿತು. ಕಿಟಕಿಯಲ್ಲಿ ಗುಮಾಸ್ತನ ಪರದೆಯಲ್ಲದೆ ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯನ್ನಿಟ್ಟರು. ತನ್ನ ಹೊಲದ ಲೆಕ್ಕ ಬರೆಯುವುದನ್ನು ರೈತ ತಾನೇ ನೋಡಬಹುದಾಯಿತು. ಎರಡನೆಯ ಪರದೆ ಇಡಬೇಕೆಂಬ ಕಲ್ಪನೆಗೆ ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಕಚೇರಿಯ ಕಿಟಕಿಯ ಹೊರಗೆ ಒಮ್ಮೆ ನಿಂತ ಅನುಭವ ಬೇಕು. ಹಾಗೆಂದು ಇಲ್ಲಿಯೂ ಕೊರೆ ಇಲ್ಲದಿರಲಿಲ್ಲ. ಹಿಂದೆ ಊರಲ್ಲೇ ಸಿಗುತ್ತಿದ್ದ ಕಾಗದಕ್ಕಾಗಿ ಯಡ್ರಾಮಿಯ ಕಡೆಯವರು ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಜೇವರ್ಗಿಗೆ ಬರಬೇಕಾಯಿತು. 15 ರೂಪಾಯಿಯ ಪಹಣಿಯ ನಿಜವಾದ ಬೆಲೆಯಲ್ಲಿ ಆ ಕೂಲಿಯೂ ಸೇರುತ್ತದೆಂಬುದನ್ನು ಯಾವ ಯೋಜನಾ ವರದಿಯೂ ದೊಡ್ಡ ಅಕ್ಷರದಲ್ಲಿ ಬರೆಯಲಿಲ್ಲ.

ಹಳ್ಳಿಯ ಮಾತಾಯಿತು. ಪೇಟೆಯ ಜನರಿಗೆಂದೇ ಹುಟ್ಟಿದ ಉದ್ಯಮಗಳಾದರೂ ಈ ಎಡವಟ್ಟಿನಿಂದ ಪಾರಾದವೆ? 2020ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಕೂ ಎಂಬ ಹಳದಿ ಹಕ್ಕಿ ಹಾರಿತು. ನಾಲ್ಕು ಮಾತು ಬರೆದು ಲೋಕಕ್ಕೆ ಸಾರುವ, ಟ್ವಿಟರಿನಂಥ ಜಾಲತಾಣ. ಇಂಗ್ಲಿಷನ್ನು ಬದಿಗಿಟ್ಟು ಮೊಟ್ಟಮೊದಲು ಕನ್ನಡದಲ್ಲಿ ಬಂದದ್ದು ಅದರ ಹೆಚ್ಚುಗಾರಿಕೆ. ಅದರ ಸ್ಥಾಪಕರು ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ. ಅಪ್ರಮೇಯರು ಹಿಂದೆ 2011ರಲ್ಲಿ ಟ್ಯಾಕ್ಸಿಫಾರ್‌ಶೂರ್ ಎಂಬ ಬಾಡಿಗೆ ಕಾರಿನ ಉದ್ಯಮವನ್ನು ಜೊತೆಗಾರರೊಬ್ಬರೊಡನೆ ಕಟ್ಟಿ, 2015ರಲ್ಲಿ ಅದನ್ನು ಓಲಾ ಕಂಪನಿಗೆ ಸುಮಾರು 20 ಕೋಟಿ ಡಾಲರಿಗೆ ಮಾರಿದ್ದವರು, ಅನನುಭವಿಗಳಲ್ಲ. 2021ರಲ್ಲಿ ಕೇಂದ್ರ ಸರ್ಕಾರಕ್ಕೂ ಟ್ವಿಟರಿಗೂ ಜಗಳವಾದಾಗ ಮಂತ್ರಿಗಳೂ ಅಧಿಕಾರಿಗಳೂ ಕೂವಿಗೆ ಬಂದರು. ನೈಜೀರಿಯಾ ದೇಶ ಟ್ವಿಟರನ್ನು ನಿಷೇಧಿಸಿದಾಗ ಅಲ್ಲಿಯೂ ಹಕ್ಕಿ ಇಳಿಯಿತು. 2022ರ ಕೊನೆಯಲ್ಲಿ ಬ್ರೆಜಿಲಿನ ಜನ ಎರಡೇ ದಿನಗಳಲ್ಲಿ ಹತ್ತು ಲಕ್ಷ ಸಲ ಅದನ್ನು ಫೋನಿಗೆ ಇಳಿಸಿಕೊಂಡರು. ಅಲ್ಲಿನ ಪೋರ್ಚುಗೀಸ್ ಭಾಷೆಯಲ್ಲಿ 'ಕೂ' ಎಂಬ ಉಚ್ಚಾರಣೆಗೆ ಹಿರಿಯರ ಮುಂದೆ ಆಡಬಾರದ ಅರ್ಥವಿದ್ದುದೂ ಆ ಉತ್ಸಾಹಕ್ಕೆ ಒಂದು ಕಾರಣವೆಂದರೆ ನಗು ಬಂದೀತು.

ಆದರೆ ಪರರ ಮನೆಯ ಜಗಳದಿಂದ ಬಂದ ಅತಿಥಿಗಳು ಜಗಳ ತಣ್ಣಗಾದೊಡನೆ ಎದ್ದು ಹೋಗುತ್ತಾರೆ. ಒಂದು ಕಾಲಕ್ಕೆ ದಿನವೂ 21 ಲಕ್ಷ ಜನ, ತಿಂಗಳಿಗೆ ಒಂದು ಕೋಟಿಯಷ್ಟು ಜನ ಬರುತ್ತಿದ್ದರೆಂದು ಸ್ಥಾಪಕರೇ ಹೇಳಿದ್ದಾರೆ. ಆ ಕೋಟಿಯಲ್ಲಿ ಕೂವಿಗೆ ಹಣ ಕೊಡುವವರು ಯಾರೆಂಬುದು ತೀರ್ಮಾನವಾಗುವ ಮೊದಲೇ ಬಂಡವಾಳಗಾರರ ಕೈ ಬಿಗಿಯಾಯಿತು. ಬೇರೆ ಕಂಪನಿಗಳೊಡನೆ ನಡೆದ ಮಾತುಕತೆಗಳು ಮುರಿದುಬಿದ್ದವು. 2024ರ ಜುಲೈನಲ್ಲಿ ಅಂಗಡಿ ಮುಚ್ಚಿತು. ತಂತ್ರ ಕೆಟ್ಟಿತೆಂದು ಅಲ್ಲಿಯೂ ಯಾರೂ ದೂರಲಿಲ್ಲ.

ಇನ್ನು ಆ ಬೆಂಗಳೂರಿನ ಮನೆಯ ಮಾತು. ಮಗನನ್ನು ಬೆದರಿಸಿ ಕೂರಿಸುವುದಕ್ಕೆ ಈ ಕಥೆಗಳನ್ನು ಬಳಸಿದರೆ ಅದೂ ಒಂದು ತಪ್ಪೇ. ಸಿಂಪ್ಯೂಟರ್ ಇಲ್ಲದಿದ್ದರೆ ಯಂತ್ರಕ್ಕೆ ಕನ್ನಡದಲ್ಲಿ ಓದಲು ಕಲಿಸಬಹುದೆಂಬ ಧೈರ್ಯ ಇಷ್ಟು ಬೇಗ ಬರುತ್ತಿರಲಿಲ್ಲವೇನೋ. ಆದರೆ ತನ್ನ ಕಂಪ್ಯೂಟರಿನ ಮುಂದೆ ಆರು ತಿಂಗಳು ಕೂರುವ ಮೊದಲು ಅವನು ಒಂದು ತೊಗರಿ ಸುಗ್ಗಿಯನ್ನು ಊರಿನಲ್ಲಿ ಕಳೆಯಬಹುದು. ಅವನ ಕಕ್ಕಂದಿರು ಇದ್ದಾರೆ; ರೊಟ್ಟಿಗೆ ಕೊರತೆಯಿಲ್ಲ. ಟ್ರ್ಯಾಕ್ಟರಿನ ಮೇಲೆ ಚೀಲಗಳ ನಡುವೆ ಕುಳಿತು ನಸುಕಿನಲ್ಲಿ ಗಂಜಿಗೆ ಬರಬಹುದು. ಅಡತಿಯವನು ಮೊದಲು ಯಾವ ಪುಸ್ತಕ ತೆರೆಯುತ್ತಾನೆ, ಕಕ್ಕ ಯಾವ ಮಾತಿಗೆ ಸುಮ್ಮನಾಗುತ್ತಾನೆ, ಹಮಾಲಿಯ ಲೆಕ್ಕ ಎಲ್ಲಿ ಕಡಿತವಾಗುತ್ತದೆ ಎಂಬುದನ್ನು ನೋಡಬಹುದು. ಎಪ್ಪತ್ತರ ದಶಕದಲ್ಲಿ ಊರು ಬಿಟ್ಟ ತಂದೆಗೆ ಇದೆಲ್ಲ ಕಂಠಪಾಠ. ಮಗ ಕೇಳಿಲ್ಲ, ಇವರು ಹೇಳಿಲ್ಲ.

2025-26ರ ಸಾಲಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಇಂದು ಗಂಜಿಗೆ ಬರುವ ರೈತನ ಜೇಬಿನಲ್ಲಿರುವ ಫೋನು ಸಿಂಪ್ಯೂಟರಿಗಿಂತ ಎಷ್ಟೋ ಪಾಲು ಬಲಶಾಲಿ. ಕನ್ನಡ ಓದುತ್ತದೆ, ಕನ್ನಡದಲ್ಲಿ ಕೇಳಿದರೆ ಉತ್ತರಿಸುತ್ತದೆ. ಬೇರೆ ಊರಿನ ಧಾರಣೆ ಅದರಲ್ಲಿ ಕಾಣುತ್ತದೆ. ಅದನ್ನು ಅವನು ಅಡತಿಯವನ ಮುಂದೆ ಹಿಡಿದು, "ನೋಡ್ರಿ ಸಾಹುಕಾರ್ರ, ಅಲ್ಲಿ ಹೆಚ್ಚಿಗಿ ಅದ" ಎನ್ನುತ್ತಾನೆ. ಸಾಹುಕಾರ ಕನ್ನಡಕ ಸರಿಪಡಿಸಿಕೊಂಡು ನೋಡುತ್ತಾನೆ, "ಖರೇ ಅದ ನೋಡಪಾ" ಎಂದು ಫೋನನ್ನು ಹಿಂದಕ್ಕೆ ಕೊಡುತ್ತಾನೆ, ಆಮೇಲೆ ಜೂನ್ ತಿಂಗಳ ಪುಟವನ್ನು ತೆರೆಯುತ್ತಾನೆ.